ಅಗಳಿ ದಾರಿಯ ಗಡಿ

ಶಿರಾದಿಂದ ಅಗಳಿ ಕಡೆಗೆ ಹೊರಟ ಬಸ್ಸು ಬಹಳ ಹೊತ್ತಾಗುವ ಮೊದಲೇ ಆಂಧ್ರ ಸೇರುತ್ತದೆ. ಬೋರ್ಡುಗಳ ಮೇಲೆ ತೆಲುಗು ಬರುತ್ತದೆ, ಬಸ್ಸಿನೊಳಗಿನ ಮಾತು ಮಾತ್ರ ಕನ್ನಡದಲ್ಲೇ ಮುಂದುವರಿಯುತ್ತದೆ. ಅಮರಾಪುರದ ಹತ್ತಿರದ ಹೇಮಾವತಿ ಒಂದು ಕಾಲಕ್ಕೆ ಹೆಂಜೇರು, ನೊಳಂಬರ ರಾಜಧಾನಿ. ಅಲ್ಲಿಯ ಕರಿಗಲ್ಲಿನ ಕಂಬಗಳು ಇಂದಿಗೂ ಕೈಗೆ ನುಣುಪಾಗಿ ಹತ್ತುತ್ತವೆ. ನೊಳಂಬರ ಶಾಸನಗಳ ಅಕ್ಷರ ಕನ್ನಡದ್ದು. ಊರು ಈಗ ಶ್ರೀ ಸತ್ಯಸಾಯಿ ಜಿಲ್ಲೆಯದು.

ಈ ಗಡಿಯ ಮೂಲ 1799. ಟಿಪ್ಪು ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಮತ್ತು ನಿಜಾಮ ಅವನ ರಾಜ್ಯವನ್ನು ಪಾಲು ಹಾಕಿದಾಗ ಶಿರಾ ಮೈಸೂರಿಗೆ ಉಳಿಯಿತು, ಅಗಳಿ ಇರುವ ಮಡಕಶಿರಾ ನಿಜಾಮನ ಪಾಲಾಯಿತು. ಮರುವರ್ಷ ಸೈನ್ಯದ ಖರ್ಚಿಗೆಂದು ನಿಜಾಮ ಆ ಸೀಮೆಯನ್ನೇ ಕಂಪನಿಗೆ ಬಿಟ್ಟುಕೊಟ್ಟ. ಅದೇ ದತ್ತ ಮಂಡಲ; ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರ್. ಹೀಗೆ ಶಿರಾ ಕಡೆಗೆ ಕೊಟ್ಟ ಅಕ್ಕ ಒಡೆಯರ ಪ್ರಜೆ, ಅಗಳಿಗೆ ಕೊಟ್ಟ ತಂಗಿ ಕಂಪನಿಯ ಪ್ರಜೆ.

ಆದರೂ ಈ ಗಡಿಯ ಮೇಲೆ ನೂರು ವರ್ಷ ದೊಡ್ಡ ಚಳವಳಿಯೇನೂ ಏಳಲಿಲ್ಲ. ಬಂಗಾಳದಲ್ಲಿ ಹಾಗಲ್ಲ. 1905ರ ಅಕ್ಟೋಬರ್ 16ರಂದು ಕರ್ಜನ್ ಪ್ರಾಂತವನ್ನು ಒಡೆದಾಗ ಸ್ವದೇಶಿ ಚಳವಳಿ ಬೀದಿ ತುಂಬಿತು. 1911ರಲ್ಲಿ ಸರ್ಕಾರ ಹಿಂದೆ ಸರಿಯಿತು. ಅಲ್ಲಿ ಪತ್ರಿಕೆಗಳಿದ್ದವು, ಕಾಲೇಜುಗಳಿದ್ದವು, ಒಂದೇ ಭಾಷೆಯಲ್ಲಿ ವಾದಿಸುವ ವಕೀಲರಿದ್ದರು. 1799ರ ಶಿರಾ ಸೀಮೆಯಲ್ಲಿ ಇವು ಯಾವುವೂ ಇರಲಿಲ್ಲ. ಕಂದಾಯ ಕಟ್ಟುವ ಕಚೇರಿ ಬದಲಾದರೆ ರೈತ ಗೊಣಗಿ ಸುಮ್ಮನಾಗುತ್ತಾನೆ. ಮಗನ ಪಾಠ, ಕೋರ್ಟಿನ ಅರ್ಜಿ ಅರ್ಥವಾಗದ ಭಾಷೆಗೆ ಹೋದಾಗ ಸುಮ್ಮನಿರಲಾರ.

ಕರ್ನಾಟಕದ ಕಿಚ್ಚು ಧಾರವಾಡದಲ್ಲಿ ಮೊದಲು ಹೊತ್ತಿದ್ದು ಅದಕ್ಕೇ. ಮುಂಬಯಿ ಪ್ರಾಂತಕ್ಕೆ ಸೇರಿದ ಅಲ್ಲಿಯ ಕನ್ನಡ ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದರು. 1890ರಲ್ಲಿ ವಿದ್ಯಾವರ್ಧಕ ಸಂಘ ಬಂತು. ಬಂಗಾಳದ ಬಿಸಿ ತಾಗಿದ ಆಲೂರು ವೆಂಕಟರಾಯರಿಗೆ ನಾಡಿನ ಸ್ವಾತಂತ್ರ್ಯ ಮತ್ತು ಕನ್ನಡದ ಒಗ್ಗೂಡಿಕೆ ಬೇರೆ ಬೇರೆ ಕೆಲಸಗಳಾಗಿ ಕಾಣಲಿಲ್ಲ. 1920ರ ನಾಗಪುರ ಕಾಂಗ್ರೆಸ್ ಭಾಷೆಯ ಆಧಾರದ ಪ್ರಾಂತ ಸಮಿತಿಗಳನ್ನು ಒಪ್ಪಿತು. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದ ಜೊತೆಯಲ್ಲೇ ಏಕೀಕರಣ ಪರಿಷತ್ತೂ ನಡೆಯಿತು. ಇತ್ತ ಕನ್ನಡದಲ್ಲೇ ಆಡಳಿತ ಕಂಡಿದ್ದ ಹಳೆ ಮೈಸೂರಿನಲ್ಲಿ ಅಷ್ಟು ಬಿಸಿ ಇರಲಿಲ್ಲ. ಶಿರಾದವರಿಗೆ ಮಡಕಶಿರಾ ಕೈಬಿಟ್ಟ ನೋವು ತಟ್ಟದೆ ಹೋದದ್ದು ಹೀಗೆ ಎಂದು ನನಗನಿಸುತ್ತದೆ, ಅದು ನನ್ನನ್ನು ಬಾಧಿಸುತ್ತದೆ ಕೂಡ.

ಬ್ರಿಟಿಷರ ಗಡಿಗಳನ್ನು ಮೀರಲು ಹೊರಟವರ ಕೈಯಲ್ಲಿದ್ದದ್ದೂ ಅವರದೇ ನಕ್ಷೆ. 1882ರಲ್ಲಿ ಬಳ್ಳಾರಿಯಿಂದ ಬೇರೆಯಾದ ಅನಂತಪುರ ಜಿಲ್ಲೆಯಲ್ಲಿ ಮಡಕಶಿರಾ ಸೇರಿಹೋಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿಯನ್ನು ತಾಲ್ಲೂಕು ತಾಲ್ಲೂಕಾಗಿ ತೂಗಿದರು: ಆದವಾನಿ, ಆಲೂರು, ರಾಯದುರ್ಗ ಆ ಕಡೆಗೆ, ಉಳಿದದ್ದು ಮೈಸೂರಿಗೆ. ಅನಂತಪುರವನ್ನು ಹಾಗೆ ತೂಗಲಿಲ್ಲ. ಮಡಕಶಿರಾ ಜಿಲ್ಲೆಯ ಜೊತೆಗೆ ಹೋಯಿತು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಆದಾಗಲೂ ಶಿರಾ ಮಗ್ಗುಲಿನ ಈ ಗಡಿ ಕದಲಲಿಲ್ಲ. ಮೈಸೂರಿನ ಪಾವಗಡವಂತೂ ಆಂಧ್ರದೊಳಗೆ ನಾಲಿಗೆಯ ಹಾಗೆ ಚಾಚಿಕೊಂಡೇ ಉಳಿಯಿತು.

ಮಡಕಶಿರಾ ಭಾಗದಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇಂದಿಗೂ ಇವೆ. ಅಲ್ಲಿ ಅ ಆ ಇ ಈ ತಿದ್ದಿದ ಹುಡುಗಿ ಕರ್ನಾಟಕದಲ್ಲಿ ವೃತ್ತಿ ಕೋರ್ಸಿನ ಸೀಟು ಕೇಳುವಾಗ ತಾನು ಗಡಿನಾಡ ಕನ್ನಡತಿ ಎಂದು ಕಾಗದ ತೋರಿಸಬೇಕು. ಹೆಂಜೇರಿನ ಶಾಸನಗಳ ಮಗ್ಗುಲಲ್ಲೇ ಹುಟ್ಟಿದವಳಾದರೂ ಸರಿ.