ಸೌಧದ ಮುಂದಿನ ಶಾವಿಗೆ

2022ರಲ್ಲಿ ನಮ್ಮ ಬೆಳಗಾವಿಯ ಸುವರ್ಣ ಸೌಧದ ಎದುರು ಸ್ವಚ್ಛತಾ ಕೆಲಸದ ಹೆಣ್ಣುಮಗಳೊಬ್ಬಳು ಶಾವಿಗೆ ಒಣಹಾಕಿದ್ದಳು. ಫೋಟೊ ಮೊಬೈಲಿನಿಂದ ಮೊಬೈಲಿಗೆ ಹಾರಿತು, ಆಕೆಯ ಕೆಲಸ ಹೋಯಿತು. ಜನ ಛೀಮಾರಿ ಹಾಕಿದ ಮೇಲೆ ಮತ್ತೆ ಕರೆದರು. ವಡಗಾವಿಯ ಮಗ್ಗದ ಓಣಿಯವರಾದ ನಮಗೆ ಕಟ್ಟೆ ಮೇಲೆ ಶಾವಿಗೆ ಒಣಗಿಸೋದು ಬ್ಯಾಸಿಗಿ ಕೆಲಸ, ಅಪರಾಧ ಅಲ್ಲ.

ಕಸಬರಿಗೆ ಹಿಡಿದವಳ ತಪ್ಪಿಗೆ ಹೊಣೆ ಎಷ್ಟು ಜಲ್ದಿ ಸಿಕ್ಕಿತು ನೋಡ್ರಿ! ಅದೇ ಪಗಾರ ತಡವಾದರೆ? ಕಚೇರಿಯವರು ‘ಗುತ್ತಿಗೆದಾರನ್ನ ಕೇಳು’ ಅಂತಾರ. ಗುತ್ತಿಗೆದಾರ ‘ಬಿಲ್ ಆಗಿಲ್ಲವ್ವಾ’ ಅಂತಾನ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಸ್ಪಷ್ಟವಾಗಿಯೇ ಹೇಳಿತ್ತು: ಗುತ್ತಿಗೆದಾರ ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡವರೇ ಕೊಡಬೇಕು.

2022-23ರಿಂದ ಷೇರುಪೇಟೆಯ ಮೊದಲ 1000 ಕಂಪನಿಗಳಿಗೆ ಸೆಬಿ ಸುಸ್ಥಿರತೆಯ ವರದಿ ಕಡ್ಡಾಯ ಮಾಡಿದೆ. ಕಾಯಂ ಅಲ್ಲದವರ ಕನಿಷ್ಠ ಕೂಲಿಯ ಲೆಕ್ಕವನ್ನೂ ಅದು ಕೇಳುತ್ತದೆ. ಆದರೆ ಬರೆಯೋರು ಕಂಪನಿಯವರೇ, ನೆಲ ಒರೆಸಿದವಳಲ್ಲ. ಸರಕಾರಿ ಕಟ್ಟಡಕ್ಕಂತೂ ಆ ನಿಯಮವೇ ಅನ್ವಯಿಸದು.

ವರದಿ ಬೇಡ ಅಂತಿಲ್ಲ ನಾನು. ನುಣುಪು ಹಾಳೆಯ ಹಸಿರೆಲೆ ಚಿತ್ರ ಬೇಡ. ಗುತ್ತಿಗೆದಾರ ಯಾರು, ಆಳು ಎಷ್ಟು, ಪಗಾರ ಎಷ್ಟು, ಯಾವ ತಾರೀಖಿಗೆ ಜಮಾ, ಪಿ.ಎಫ್. ಕಟ್ಟಿದ್ದೀರಾ, ಕೈಗವಸು ಕೊಟ್ಟಿದ್ದೀರಾ, ಆಸಿಡ್ ನೀರು ಯಾವ ಗಟಾರಕ್ಕೆ ಹೋಗತೈತಿ? ಇಷ್ಟನ್ನ ಕನ್ನಡದಾಗ ಬರೆದು ಬಾಗಿಲಿಗೆ ಅಂಟಿಸ್ರಿ. ಕೆಲಸದವರು ‘ಹೌದು, ಖರೇ’ ಅಂದ ಮೇಲೆ ಬಿಲ್ ಪಾಸ್ ಮಾಡ್ರಿ.

ಆಕೆಯ ಶಾವಿಗೆ ಊರಿಗೆಲ್ಲ ಕಂಡಿತು. ಪಗಾರದ ಚೀಟಿಯೂ ಹಂಗ ಬಿಸಿಲಿಗೆ ಬರಲಿ.