ಗುಡ್ಡದ ಮೇಲಿನ ಬಂಗಲೆ

ಯಾದಗಿರಿಯಲ್ಲಿ ರೈಲಿಳಿದು ಸುರಪುರದ ಬಸ್ಸು ಹತ್ತಿದವರಿಗೆ ದಾರಿಯುದ್ದಕ್ಕೂ ಕಲ್ಲುಗುಡ್ಡಗಳದೇ ಜೊತೆ. ಯಾದಗಿರಿಯಲ್ಲಿ ಬೆಟ್ಟವನ್ನೇ ಗೋಡೆಯಾಗಿ ಬಳಸಿಕೊಂಡು ಕಟ್ಟಿದ ಕೋಟೆ. ಶಹಾಪುರದಲ್ಲಿ ದೂರದಿಂದ ಮಲಗಿದ ಬುದ್ಧನಂತೆ ಕಾಣುವ ಬೆಟ್ಟಸಾಲು. ಸುರಪುರದಲ್ಲಿ ಗುಡ್ಡದ ಮೇಲೊಂದು ಬಂಗಲೆ. ಅದರ ಹೆಸರು ಟೇಲರ್ ಮಂಜಿಲ್.

ಕೋಟೆಯ ಗಾಂಭೀರ್ಯ ಈ ಬಂಗಲೆಗಿಲ್ಲ. ಆದರೆ ಒಬ್ಬ ಗುರು ಹಾಗೂ ಒಬ್ಬ ಶಿಷ್ಯನ ಕಥೆಗೆ ಇದು ಸಾಕ್ಷಿ.

ಸುರಪುರ ಬೇಡ ನಾಯಕರ ಸಂಸ್ಥಾನ. ಔರಂಗಜೇಬ ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಇವರ ವಾಗಿನಗೇರಾ ಕೋಟೆಯ ಮೇಲೇ. ಕೋಟೆ ಹೋಯಿತು, ನಾಯಕರು ಸೋಲೊಪ್ಪಲಿಲ್ಲ. ಸುರಪುರದಿಂದ ಆಳ್ವಿಕೆ ಮುಂದುವರಿಸಿದರು. ಆದರೆ 1841ರ ಹೊತ್ತಿಗೆ ಸಂಸ್ಥಾನದ ಸ್ಥಿತಿ ಬಿಗಡಾಯಿಸಿತ್ತು. ರಾಜ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದ. ವಾರಸುದಾರ ವೆಂಕಟಪ್ಪ ನಾಯಕ ಇನ್ನೂ ಎಳೆಯ ಹುಡುಗ. ಆಗ ಬ್ರಿಟಿಷರ ಪರವಾಗಿ ಆಡಳಿತ ನೋಡಿಕೊಳ್ಳಲು ಬಂದವನು ಫಿಲಿಪ್ ಮೆಡೋಸ್ ಟೇಲರ್.

ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದು ವರ್ಷಕ್ಕೇ ಓದು ಬಿಟ್ಟು, 1824ರಲ್ಲಿ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಮುಂಬಯಿಗೆ ಬಂದ. ಅದು ಕೈಗೂಡದೆ ನಿಜಾಮನ ಸೈನ್ಯ ಸೇರಿದ. ಕಾನೂನು, ಭೂಮಾಪನ, ಎಂಜಿನಿಯರಿಂಗ್ ಎಲ್ಲವನ್ನೂ ಸ್ವಂತ ಶ್ರಮದಿಂದ ಕಲಿತ. ಠಕ್ಕರ ಕುರಿತ ಆತನ ಕಾದಂಬರಿ 1839ರಲ್ಲೇ ಇಂಗ್ಲೆಂಡಿನಲ್ಲಿ ಹೆಸರು ಮಾಡಿತ್ತು. ಸುರಪುರ ಸೀಮೆಯಲ್ಲಿ ಆತ ಕೆರೆಗಳ ಕಡೆಗೆ ಗಮನ ಕೊಟ್ಟ. ನಾಯಕರು ಹಿಂದೆ ಕಟ್ಟಿಸಿದ್ದ ಬೋನಾಳ ಕೆರೆಯನ್ನು ಸುಧಾರಿಸಿದ. ಇಂದು ಅದು ಹೆಸರಾಂತ ಪಕ್ಷಿಧಾಮ. ಈ ಭಾಗದ ಬೃಹತ್ ಶಿಲಾ ಸಮಾಧಿಗಳ ವಿವರಗಳನ್ನೂ ಬರೆದಿಟ್ಟ.

ಬಾಲಕ ವೆಂಕಟಪ್ಪನ ವಿದ್ಯಾಭ್ಯಾಸದ ಹೊಣೆಯೂ ಟೇಲರನದೇ. ಹುಡುಗ ಆತನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1853ರಲ್ಲಿ ಅಧಿಕಾರವನ್ನು ಪ್ರಾಯಕ್ಕೆ ಬಂದ ರಾಜನಿಗೆ ಒಪ್ಪಿಸಿ ಟೇಲರ್ ನಳದುರ್ಗಕ್ಕೆ ಹೋದ.

ಐದೇ ವರ್ಷ. 1858ರ ಫೆಬ್ರುವರಿಯಲ್ಲಿ ಇಂಗ್ಲಿಷರ ಫೌಜು ಸುರಪುರಕ್ಕೆ ಬಂದಿತು. ವೆಂಕಟಪ್ಪ ನಾಯಕ ಎದುರು ನಿಂತು ಹೋರಾಡಿದ. ಕೊನೆಗೆ ಹೈದರಾಬಾದಿಗೆ ಹೋದಾಗ ಸೆರೆಸಿಕ್ಕ. ಸೆರೆಮನೆಯಲ್ಲಿ ಗುರುಶಿಷ್ಯರ ಭೇಟಿಯಾಯಿತು. ಜೊತೆಗಾರರ ಹೆಸರು ಹೇಳಿದರೆ ಜೀವ ಉಳಿದೀತೆಂಬ ಮಾತು ಬಂದಾಗ, ಹೇಡಿಯಾಗಿ ಬದುಕಲೊಲ್ಲೆನೆಂದು ರಾಜ ನಿರಾಕರಿಸಿದನಂತೆ. ಹಾಗೆಂದು ಬರೆದವನು ಟೇಲರನೇ.

ವಿಧಿಸಿದ್ದ ಮರಣದಂಡನೆಯನ್ನು ಇಳಿಸಿ, ಕಡೆಗೆ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆವಾಸವೆಂದು ತೀರ್ಮಾನವಾಯಿತು. ಆದರೆ ಅಲ್ಲಿಗೆ ಒಯ್ಯುವ ದಾರಿಯಲ್ಲೇ ರಾಜ ಪಿಸ್ತೂಲಿನ ಗುಂಡಿಗೆ ಬಲಿಯಾದ. ಇನ್ನೂ ಇಪ್ಪತ್ತೈದು ತುಂಬದ ವಯಸ್ಸು. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು.

ಟೇಲರ್ 1876ರಲ್ಲಿ ತೀರಿಕೊಂಡ. ಮರುವರ್ಷ ಆತನ ಆತ್ಮಕಥೆ ಅಚ್ಚಾಯಿತು. ಇಂದಿಗೂ ಈ ಕಥೆಯನ್ನು ಬರೆಯುವವರು ಬಹುಮಟ್ಟಿಗೆ ಆ ಪುಸ್ತಕವನ್ನೇ ನೆಚ್ಚಬೇಕು. ಗುರುವಿನ ಮಾತು ಅಚ್ಚಿನಲ್ಲಿ ಉಳಿಯಿತು. ಶಿಷ್ಯನಿಗೆ ಬರೆಯುವಷ್ಟು ಆಯುಸ್ಸೇ ಸಿಗಲಿಲ್ಲ.

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಸುರಪುರಕ್ಕೆ ಹೋಗುವ ತಂದೆತಾಯಂದಿರು ಬಂಗಲೆಯನ್ನಷ್ಟೇ ತೋರಿಸಿ ಹಿಂದಿರುಗಬಾರದು. ಗುಡ್ಡ ಇಳಿದು ನಾಯಕರ ಅರಮನೆಯನ್ನೂ ತೋರಿಸಬೇಕು, ಊರ ಹಿರಿಯರ ಮಾತನ್ನೂ ಕೇಳಿಸಬೇಕು. ಕೆರೆ ಸುಧಾರಿಸಿದವನೂ ದೊಡ್ಡವನೇ, ಜೊತೆಗಾರರ ಹೆಸರು ಹೇಳದೆ ಸತ್ತವನೂ ದೊಡ್ಡವನೇ. ಒಬ್ಬನ ಹೆಸರು ಬಂಗಲೆಯ ಮೇಲಿದೆ. ಇನ್ನೊಬ್ಬನ ಹೆಸರನ್ನು ಮಕ್ಕಳಿಗೆ ಹೇಳಿಕೊಡಬೇಕಾದವರು ಮನೆಯವರೇ.