ಕರಾವಳಿ ಎಂದರೆ ಮಂಗಳೂರಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ರಾಜ್ಯ ಸಚಿವ ಸಂಪುಟ 2025ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟ ನವೋದ್ಯಮ ನೀತಿಯ ವಿವರ ತಮಗೆ ಗೊತ್ತೇ ಇದೆ. ಐದು ವರ್ಷಗಳಲ್ಲಿ 25,000 ಸ್ಟಾರ್ಟಪ್, ಅದರಲ್ಲಿ 10,000 ಬೆಂಗಳೂರಿನ ಹೊರಗೆ, ಅದಕ್ಕೆಂದು 518 ಕೋಟಿ ರೂಪಾಯಿ. ಅಂಕಿಗಳು ದೊಡ್ಡವು. ಆದರೆ ‘ಬೆಂಗಳೂರಿನಾಚೆ’ ಎಂದು ಹೊರಟ ಸರಕಾರ ಕರಾವಳಿಯ ಸಾಲಿಗೆ ಬಂದಾಗ ಬರೆದುಕೊಳ್ಳುವುದು ‘ಮಂಗಳೂರು ಕ್ಲಸ್ಟರ್’ ಎಂಬ ಒಂದೇ ಹೆಸರನ್ನು. ಉಡುಪಿ, ಮಣಿಪಾಲ, ಕಾಪು, ಕಾರ್ಕಳ ಎಲ್ಲವೂ ಆ ಹೆಸರಿನೊಳಗೆ ಅಡಗಿಕೊಳ್ಳಬೇಕು. 1997ರ ಆಗಸ್ಟ್ 25ರಂದೇ ಪ್ರತ್ಯೇಕ ಜಿಲ್ಲೆಯಾದ ಉಡುಪಿ, ತಂತ್ರಜ್ಞಾನದ ಮಾತು ಬಂದಾಗ ಇಂದಿಗೂ ಮಂಗಳೂರಿನ ಬಾಲಂಗೋಚಿ. ಉಡುಪಿಯ ಸಂತೆಕಟ್ಟೆಯಲ್ಲಿ ನಿಂತು ಓದುವವರಿಗೆ ಇದು ನಾಟುತ್ತದೆ.

ಕಾರಣ ಇದೆ. ಸ್ಟಾರ್ಟಪ್ ಎಂಬ ಮಾತು ಕನ್ನಡಿಗರ ಬಾಯಿಗೆ ಬರುವುದಕ್ಕೂ ಬಹಳ ಮೊದಲೇ, 1996ರಲ್ಲಿ, ರೋಹಿತ್ ಭಟ್ ಅವರು ಉಡುಪಿಯಲ್ಲಿ ರೋಬೋಸಾಫ್ಟ್ ಟೆಕ್ನಾಲಜೀಸ್ ಆರಂಭಿಸಿದರು. ಆಗ ಉಡುಪಿ ಜಿಲ್ಲೆಯೂ ಆಗಿರಲಿಲ್ಲ, ಕೊಂಕಣ ರೈಲು ಮಾರ್ಗ ಮುಂಬಯಿಯ ತನಕ ಪೂರ್ತಿಯಾಗಿಯೂ ಇರಲಿಲ್ಲ. ಆಪಲ್ ಕಂಪನಿಯ ಮ್ಯಾಕ್ ಗಣಕಗಳಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವ ಕೆಲಸವನ್ನು ಅವರು ಬೆಂಗಳೂರಿಗೆ ಒಯ್ಯದೆ ಊರಿನಲ್ಲೇ ಮಾಡಿಸಿದರು. 2008ರಲ್ಲಿ ಆಪಲ್‌ನ ಆ್ಯಪ್ ಸ್ಟೋರ್ ತೆರೆದಾಗ, ದೇಶದ ದೊಡ್ಡ ದೊಡ್ಡ ಕಂಪನಿಗಳು ಕಲಿಯಲು ಕೂತಿದ್ದ ವಿದ್ಯೆ ಇಲ್ಲಿನ ಯುವಕ ಯುವತಿಯರ ಕೈಯಲ್ಲಿ ಆಗಲೇ ಪಳಗಿತ್ತು. ಅದೇ ಬೇರಿನಿಂದ 99ಗೇಮ್ಸ್ ಹುಟ್ಟಿತು, ಅದರ ‘ಸ್ಟಾರ್ ಶೆಫ್’ ಆಟವನ್ನು ಊರೂರಿನ ಮೊಬೈಲುಗಳಲ್ಲಿ ಆಡಿದರು. ಗ್ಲೋಬಲ್ ಡಿಲೈಟ್ ಹುಟ್ಟಿತು, ಅದರ ‘ಬೂಮ್’ ಆ್ಯಪ್ ಮ್ಯಾಕ್ ಬಳಸುವವರಿಗೆ ಪರಿಚಿತವಾಯಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೋ ಹೋಲ್ಡಿಂಗ್ಸ್ ರೋಬೋಸಾಫ್ಟನ್ನು 805 ಕೋಟಿ ರೂಪಾಯಿಗೆ ಕೊಳ್ಳಲು ಮುಂದೆ ಬಂತು. ರೋಬೋಸಾಫ್ಟ್‌ನ ವಿಳಾಸ ರಾಷ್ಟ್ರೀಯ ಹೆದ್ದಾರಿ 66, ಸಂತೆಕಟ್ಟೆ, ಉಡುಪಿ.

ಟೋಕಿಯೋದವರಿಗೆ ಸಂತೆಕಟ್ಟೆ ಸಿಕ್ಕಿತು. ವಿಧಾನಸೌಧಕ್ಕೆ ಇನ್ನೂ ಸಿಕ್ಕಿಲ್ಲ.

ಇದನ್ನು ಊರ ಹೆಮ್ಮೆಯ ಮಾತು ಎಂದಷ್ಟೇ ಕಂಡು ಬದಿಗಿಡಬಾರದು. ಅಂಥ ಒಂದು ಕಂಪನಿ ನೆಲೆ ನಿಂತರೆ ಊರಿನ ಲೆಕ್ಕಾಚಾರವೇ ಬದಲಾಗುತ್ತದೆ. ಇಂಜಿನಿಯರ್ ಒಬ್ಬನಿಗೆ ಸಂಬಳ ಬಂದರೆ ಬಾಡಿಗೆ ಮನೆಯವರಿಗೆ, ಮೀನೂಟದ ಹೋಟೆಲಿಗೆ, ರಿಕ್ಷಾದವರಿಗೆ, ಮಕ್ಕಳ ಶಾಲೆಗೆ, ಮನೆ ಕಟ್ಟಿಸಿದರೆ ಮೇಸ್ತ್ರಿಗೂ ಬಡಗಿಗೂ ಪಾಲು ಹೋಗುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಎನ್ರಿಕೊ ಮೊರೆಟ್ಟಿ ಅಲ್ಲಿನ ನಗರಗಳ ಲೆಕ್ಕ ಹಾಕಿ 2012ರಲ್ಲಿ ಒಂದು ಪುಸ್ತಕ ಬರೆದರು. ಒಂದು ಹೈಟೆಕ್ ಕೆಲಸ ಹುಟ್ಟಿದರೆ ಕಾಲಕ್ರಮದಲ್ಲಿ ಅದೇ ಊರಿನಲ್ಲಿ ಇನ್ನೂ ಐದು ಕೆಲಸಗಳು ಹುಟ್ಟುತ್ತವೆ ಎಂಬುದು ಅವರು ಕಂಡುಕೊಂಡದ್ದು. ಕಾರ್ಖಾನೆಯ ಕೆಲಸಕ್ಕೆ ಅಷ್ಟು ಬಲ ಇಲ್ಲ ಎಂದೂ ಅವರೇ ಹೇಳಿದ್ದಾರೆ.

ಅವರು ಕೊಡುವ ಉದಾಹರಣೆ ಮೈಕ್ರೋಸಾಫ್ಟ್. 1975ರಲ್ಲಿ ಅಲ್ಬುಕರ್ಕಿಯಲ್ಲಿ ಹುಟ್ಟಿದ ಆ ಕಂಪನಿಯನ್ನು ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ 1979ರಲ್ಲಿ ತಮ್ಮ ಹುಟ್ಟೂರಾದ ಸಿಯಾಟಲ್‌ನ ಕಡೆಗೆ ಒಯ್ದರು. ಮೊದಲಿನ ಊರು ಮೊದಲಿನಂತೆಯೇ ಉಳಿಯಿತು, ಸಿಯಾಟಲ್ ಜಗತ್ತಿನ ದೊಡ್ಡ ತಂತ್ರಜ್ಞಾನ ನಗರಗಳಲ್ಲಿ ಒಂದಾಯಿತು. ಊರಿನವರು ಊರಿನಲ್ಲಿ ಕಂಪನಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆ ಮೈಕ್ರೋಸಾಫ್ಟನ್ನು ಇಂದು ಮುನ್ನಡೆಸುತ್ತಿರುವ ಸತ್ಯ ನಾದೆಲ್ಲ 1988ರಲ್ಲಿ ಪದವಿ ಪಡೆದದ್ದು ಮಣಿಪಾಲದ ಇಂಜಿನಿಯರಿಂಗ್ ಕಾಲೇಜು ಎಂಐಟಿಯಲ್ಲಿ. ನೋಕಿಯಾ ಕಂಪನಿಯ ಮುಖ್ಯಸ್ಥರಾಗಿದ್ದ ರಾಜೀವ್ ಸೂರಿ ಓದಿದ್ದೂ ಅಲ್ಲೇ.

ಪ್ರತಿಭೆಗೆ ಇಲ್ಲಿ ಬರ ಇಲ್ಲ. ಮಣಿಪಾಲದಲ್ಲಿ 1957ರಿಂದ, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಿಂದ, ಕಾಪುವಿನ ಪಕ್ಕದ ಬಂಟಕಲ್ಲಿನಲ್ಲಿ 2010ರಿಂದ ಇಂಜಿನಿಯರಿಂಗ್ ಕಾಲೇಜುಗಳು ನಡೆಯುತ್ತಿವೆ. ಬರ ಇರುವುದು ಆ ಪ್ರತಿಭೆಯನ್ನು ಇಲ್ಲೇ ಉಳಿಸಿಕೊಳ್ಳುವ ಮನಸ್ಸಿಗೆ. ನಂಬದವರು ಭಾನುವಾರ ರಾತ್ರಿ ಉಡುಪಿಯಿಂದ ಬೆಂಗಳೂರಿಗೆ ಹೊರಡುವ ಸ್ಲೀಪರ್ ಬಸ್ಸುಗಳ ಎದುರು ನಿಂತು ನೋಡಲಿ, ಗೊತ್ತಾಗುತ್ತದೆ. ಅಪ್ಪ ಅಮ್ಮ ಚೀಲ ಹಿಡಿದು ಬಂದಿರುತ್ತಾರೆ, ಚೀಲದಲ್ಲಿ ಕುಚ್ಚಲಕ್ಕಿ, ಉಪ್ಪಿನಕಾಯಿ. ಅಜ್ಜಂದಿರು ಹೋಟೆಲ್ ಕೆಲಸಕ್ಕೆ ಮುಂಬಯಿಗೆ ಹೋದರು, ಆಗ ಊರಿನಲ್ಲಿ ಬೇರೆ ದಾರಿ ಇರಲಿಲ್ಲ. ಮೊಮ್ಮಕ್ಕಳ ಕಾಲಕ್ಕೆ ದಾರಿ ಇದೆ, ಓದಿದ ಕಾಲೇಜಿದೆ, ಕೆಲಸ ಕೊಟ್ಟು ತೋರಿಸಿದ ಕಂಪನಿಯೂ ಇದೆ. ಇಲ್ಲದ್ದು ಸರಕಾರದ ಪಟ್ಟಿಯಲ್ಲಿ ಜಿಲ್ಲೆಯ ಹೆಸರು.

ಇಲ್ಲಿ ಆಗುತ್ತಿರುವುದು ಬರೀ ಮೊಬೈಲ್ ಆಟ ಎಂದು ಯಾರೂ ತಿಳಿಯಬಾರದು. ಮಣಿಪಾಲದ ಇನ್‌ಕ್ಯುಬೇಟರಿನಲ್ಲಿ ಬೆಳೆದ ಬ್ಲ್ಯಾಕ್‌ಫ್ರಾಗ್ ಟೆಕ್ನಾಲಜೀಸ್ ‘ಎಂವೋಲಿಯೋ’ ಎಂಬ ಬ್ಯಾಟರಿ ಚಾಲಿತ ಪೆಟ್ಟಿಗೆ ತಯಾರಿಸಿದೆ. ಲಸಿಕೆಗೆ ಬೇಕಾದ 2ರಿಂದ 8 ಡಿಗ್ರಿ ಶೈತ್ಯವನ್ನು ಅದು ದಾರಿಯುದ್ದಕ್ಕೂ ಕಾಯುತ್ತದೆ. ಮಂಜುಗಡ್ಡೆ ತುಂಬಿದ ಹಳೆಯ ಡಬ್ಬಿಯಲ್ಲಿ ಲಸಿಕೆ ಒಮ್ಮೆ ಹೆಪ್ಪುಗಟ್ಟಿ, ಒಮ್ಮೆ ಬಿಸಿಯಾಗಿ ಕೆಡುತ್ತಿದ್ದ ತೊಂದರೆಗೆ ಇದು ಉತ್ತರ. ವೈದ್ಯಕೀಯ ಕಾಲೇಜು ಮತ್ತು ಇಂಜಿನಿಯರಿಂಗ್ ಕಾಲೇಜು ಒಂದೇ ಗುಡ್ಡದ ಮೇಲಿರುವ ಊರಿನಲ್ಲಿ ಮಾತ್ರ ಇಂಥ ಯೋಚನೆ ಸುಲಭವಾಗಿ ಕೂಡಿಬರುತ್ತದೆ. ಆ ಗುಡ್ಡದ ಹೆಸರು ಮಣಿಪಾಲ. ಅದು ಉಡುಪಿ ಜಿಲ್ಲೆಯಲ್ಲಿದೆ.

ಕಳೆದುಕೊಳ್ಳುವುದೂ ಈ ಜಿಲ್ಲೆಗೆ ಹೊಸದಲ್ಲ. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಕಾರ್ಪೊರೇಷನ್ ಬ್ಯಾಂಕು, ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವರು 1925ರಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕು, ಎರಡೂ 2020ರ ಏಪ್ರಿಲ್ 1ರಂದು ಒಂದೇ ದಿನ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. 1928ರಲ್ಲಿ ಮನೆಮನೆಗೆ ಹೋಗಿ ಎರಡಾಣೆ ಸಂಗ್ರಹಿಸುವ ಪಿಗ್ಮಿ ಯೋಜನೆ ತಂದು, ಬ್ಯಾಂಕಿನ ಮೆಟ್ಟಿಲು ಹತ್ತದವರನ್ನೂ ಖಾತೆದಾರರನ್ನಾಗಿ ಮಾಡಿದ ಊರು ಇದು. ಇಂದು ಫೋನ್‌ಪೇಯವರು, ಗೂಗಲ್‌ಪೇಯವರು ಮಾಡಿದ್ದಕ್ಕೆ ಕೊಡುವ ಹೆಸರನ್ನೇ ಅಂದಿನ ಆ ಕೆಲಸಕ್ಕೂ ಕೊಡಬೇಕು. ಆ ಯೋಜನೆ ತಂದ ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿ ಎಂಬ ಹೆಗ್ಗಳಿಕೆ ಮಣಿಪಾಲಕ್ಕೆ ಇಂದು ಇಲ್ಲ. ಜಿಲ್ಲೆಯನ್ನು ಒಂದು ಮಾತು ಕೇಳಿದವರಿಲ್ಲ. ಈಗ ತಂತ್ರಜ್ಞಾನದ ಸರದಿ.

ರಸ್ತೆಯ ಮಾತನ್ನೂ ಹೇಳಿಯೇ ಮುಗಿಸಬೇಕು. ಜಪಾನಿನವರು ಹುಡುಕಿಕೊಂಡು ಬಂದ ಇದೇ ಸಂತೆಕಟ್ಟೆಯಲ್ಲಿ ಅಂಡರ್‌ಪಾಸ್ ಕಾಮಗಾರಿ ಗಡುವಿನ ಮೇಲೆ ಗಡುವು ದಾಟಿ ಎಳೆದಾಡಿತು. ಅಡಿಯಲ್ಲಿ ಬಂಡೆ ಸಿಕ್ಕಿತು ಎಂಬ ಕಾರಣ ಹೇಳಿದರು. ಅಗೆಯುವ ಮೊದಲೇ ನೆಲ ಪರೀಕ್ಷಿಸಬೇಕಿತ್ತಲ್ಲ? ಮಳೆಗಾಲಗಳು ಕಳೆದವು, ಸರ್ವಿಸ್ ರಸ್ತೆಯ ಕೆಸರಿನಲ್ಲಿ ಕಲ್ಯಾಣಪುರದ ಶಾಲಾ ಮಕ್ಕಳೂ, ಆಂಬುಲೆನ್ಸುಗಳೂ, ಕೆಲಸಕ್ಕೆ ಹೊರಟವರೂ ಸಾಲುಗಟ್ಟಿ ನಿಂತರು. ಉಡುಪಿ–ಮಣಿಪಾಲದ ನಡುವಿನ ಇಂದ್ರಾಳಿ ರೈಲ್ವೆ ಮೇಲ್ಸೇತುವೆಯ ಕತೆಯೂ ಹಾಗೆಯೇ ವರ್ಷಗಟ್ಟಲೆ ನಡೆಯಿತು. ಕಾಪು ತಾಲೂಕಿನ ಎಲ್ಲೂರಿನಲ್ಲಿ ಆಮದು ಕಲ್ಲಿದ್ದಲಿನ 1200 ಮೆಗಾವಾಟ್ ವಿದ್ಯುತ್ ಸ್ಥಾವರಕ್ಕೆ ಭೂಮಿ ಸಿಕ್ಕಿತು, ಹಳಿ ಸಿಕ್ಕಿತು. ಹೊಗೆಯಿಲ್ಲದ ಉದ್ಯೋಗಕ್ಕೆ ಒಂದು ನೇರವಾದ ರಸ್ತೆ ಸಿಗುವುದು ಕಷ್ಟವಾಯಿತು.

ಮಂಗಳೂರಿಗೆ ಬಂದದ್ದು ಉಡುಪಿಗೂ ಬಂದಂತೆ, ಇರುವುದು ಅರುವತ್ತು ಕಿಲೋಮೀಟರ್ ತಾನೆ ಎನ್ನುವವರಿದ್ದಾರೆ. ತಲಾದಾಯದಲ್ಲಿ ರಾಜ್ಯದ ಮೊದಲ ಸಾಲಿನಲ್ಲಿರುವ ಜಿಲ್ಲೆಗೆ ಮತ್ತೇನು ಬೇಕು ಎನ್ನುವವರೂ ಇದ್ದಾರೆ. ಅರುವತ್ತು ಕಿಲೋಮೀಟರ್ ದೂರದ ಕಚೇರಿಗೆ ಅರ್ಜಿ ಹಿಡಿದು ಅಲೆಯುವುದು ಕಾರ್ಕಳದ, ಕಾಪುವಿನ ಹೊಸ ಹುಡುಗರು, ಹೇಳುವವರಲ್ಲ. ತಲಾದಾಯದ ಅಂಕಿಯಿಂದ ಭಾನುವಾರದ ಬಸ್ಸುಗಳು ಖಾಲಿಯಾಗುವುದಿಲ್ಲ. ಸಣ್ಣ ಊರಿನಲ್ಲಿ ದೊಡ್ಡ ಕಂಪನಿ ನಿಲ್ಲದು ಎಂಬ ವಾದವಂತೂ ಬೇಡವೇ ಬೇಡ. ಶ್ರೀಧರ್ ವೆಂಬು ಅವರ ಜೋಹೋ ತಮಿಳುನಾಡಿನ ತೆಂಕಾಶಿಯ ಹಳ್ಳಿಯಲ್ಲಿ ನಿಂತು ಕೆಲಸ ಮಾಡುತ್ತಿದೆ. ಸಂತೆಕಟ್ಟೆ ಅದನ್ನು ಅದಕ್ಕೂ ಮೊದಲೇ ಮಾಡಿ ತೋರಿಸಿದೆ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಐಟಿ–ಬಿಟಿ ಇಲಾಖೆಗೆ ಈ ಬೇಡಿಕೆಗಳು ತಲುಪಲಿ. ಉಡುಪಿ–ಮಣಿಪಾಲವನ್ನು ಪ್ರತ್ಯೇಕ ಕ್ಲಸ್ಟರ್ ಎಂದು ಘೋಷಿಸಬೇಕು, ಅದರ ಕಚೇರಿ ಈ ಜಿಲ್ಲೆಯಲ್ಲೇ ಇರಬೇಕು. ಬೆಂಗಳೂರಿನ ಹೊರಗಿನ 10,000 ಸ್ಟಾರ್ಟಪ್‌ಗಳಲ್ಲಿ ಯಾವ ಜಿಲ್ಲೆಗೆ ಎಷ್ಟು, 518 ಕೋಟಿಯಲ್ಲಿ ಯಾವ ಜಿಲ್ಲೆಗೆ ಎಷ್ಟು ಎಂಬ ಲೆಕ್ಕವನ್ನು ವರ್ಷ ವರ್ಷ ಬಹಿರಂಗಪಡಿಸಬೇಕು. ಜಿಲ್ಲೆಯ ಶಾಸಕರು, ಸಂಸದರು ಪಕ್ಷ ಮರೆತು ಮುಂದಿನ ಬಜೆಟ್‌ಗೆ ಮೊದಲು ಈ ಪ್ರಶ್ನೆಯನ್ನು ಸದನದಲ್ಲಿ ಕೇಳಲಿ, ಉತ್ತರವನ್ನು ತಾವು ಅಚ್ಚು ಹಾಕಿ.

ಇತಿ,
ಸಂತೆಕಟ್ಟೆಯ ಓದುಗ, ಉಡುಪಿ